ಶಿಕ್ತೆಪೆಕ್ ಗುಡ್ಡದ ನಾಲ್ಕನೆಯ ಕಲ್ಲು

ಏಳಿ, ಏಳಿ. ಆ ಕಲ್ಲಿನ ಮೇಲೆ ಕೂರಬೇಡಿ. ಗುಡ್ಡ ಹತ್ತಿ ದಣಿದಿದ್ದೀರಿ, ಬಲ್ಲೆ. ಕೂರಲು ಇಡೀ ಗುಡ್ಡವೇ ಇದೆಯಲ್ಲ, ಬೇಕಾದರೆ ನನ್ನ ಕಂಬಳಿ ಹಾಸಿಕೊಡುತ್ತೇನೆ. ಮೆಕ್ಸಿಕೋದ ಈ ಎತ್ತರದ ಬಯಲಿಗೆ ಬರುವವರೆಲ್ಲ ಹಿಮ ಹೊತ್ತ ಜ್ವಾಲಾಮುಖಿಯ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅದರ ಮುಂದೆ ಮೆಕ್ಕೆಜೋಳದ ಹೊಲಗಳ ನಡುವೆ ಇರುವ ನಮ್ಮ ಈ ಕುಳ್ಳ ಗುಡ್ಡವನ್ನು ಕೇಳುವವರು ವರ್ಷಕ್ಕೆ ನಾಲ್ಕು ಜನ. ಬಂದ ನಾಲ್ಕು ಜನರೂ ನೇರವಾಗಿ ಹೋಗಿ ಆ ಕಲ್ಲಿನ ಮೇಲೆಯೇ ಕೂರಬೇಕೇ! ಗುಡ್ಡದ ಪಡುವಣಕ್ಕೆ, ಅಗೋ ಆ ತಗಡಿನ ಮಾಡುಗಳು ಕಾಣುತ್ತವಲ್ಲ, ಅದು ನಮ್ಮೂರು ಅವೆಪಾನ್. ಮೂಡಣಕ್ಕೆ ಕಾಣುವುದು ಕೊಸೊತ್ಲಾನ್. ನಡುವೆ ಇರುವುದು ಈ ಶಿಕ್ತೆಪೆಕ್. ನಮ್ಮ ಹಳೆಯ ನುಡಿಯಲ್ಲಿ ಹೊಕ್ಕುಳಿನ ಗುಡ್ಡ ಎಂದು ಅರ್ಥ. ಗುಡ್ಡದ ಆಕಾರ ಹೊಕ್ಕುಳಿನ ಹಾಗಿದೆ, ಅದಕ್ಕೇ ಆ ಹೆಸರು ಎಂದು ಯಾರೋ ಬರೆದಿದ್ದಾರಂತೆ. ಬರೆದವರು ಗುಡ್ಡ ಹತ್ತಿಲ್ಲ, ಅಷ್ಟೇ. ನಾನು ಎಲಾಡಿಯಾ, ಎಪ್ಪತ್ತಾರು ವರ್ಷ ಇದರ ಬುಡದಲ್ಲೇ ರೊಟ್ಟಿ ಸುಟ್ಟವಳು. ಇಲ್ಲಿ ಒಲೆ ಹೂಡಿದಂತೆ ನಿಂತಿರುವ ಮೂರು ಕಲ್ಲುಗಳನ್ನು ಚೆನ್ನಾಗಿ ನೋಡಿ. ಎರಡು ಬೂದು ಬಣ್ಣದವು, ನಮ್ಮೂರಿನ ಹಳ್ಳದ ಕಲ್ಲುಗಳು. ಮೂರನೆಯದು ಕೆಂಪಗೆ ತೂತುತೂತಾಗಿದೆ. ಅಂಥ ಕಲ್ಲು ನಮ್ಮ ಕಡೆ ಎಲ್ಲಿಯೂ ಸಿಗುವುದಿಲ್ಲ. ಇನ್ನು ಒಂದೂವರೆ ಮಾರು ದೂರದಲ್ಲಿ ಒಂಟಿಯಾಗಿರುವ, ನೀವು ಈಗ ತಾನೇ ಎದ್ದ ನಾಲ್ಕನೆಯ ಕಲ್ಲು ಮತ್ತೆ ಬೂದು. ಅಳತೆಪಟ್ಟಿ ಹಿಡಿದು ಬಂದಿದ್ದ ಪಂಡಿತರೊಬ್ಬರು ಎರಡು ದಿನ ಇವುಗಳ ಸುತ್ತ ತಿರುಗಿ, ಲೆಕ್ಕ ತಪ್ಪಿದೆ ಎಂದು ಹೇಳಿ ಹೋದರು. ಲೆಕ್ಕ ತಪ್ಪಿಲ್ಲ.

ಹಿಂದೆ ಒಮ್ಮೆ, ಕುದುರೆಗಳೂ ಶಿಲುಬೆಯೂ ಕಡಲು ದಾಟಿ ಬರುವುದಕ್ಕೆ ಎಷ್ಟೋ ತಲೆಮಾರು ಮೊದಲು, ಈ ಎರಡು ಊರುಗಳ ನಡುವೆ ಹೂವಿನ ಯುದ್ಧ ನಡೆಯುತ್ತಿತ್ತು ಎನ್ನುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ. ಎರಡೂ ಊರಿನ ಒಡೆಯರು ಮೊದಲೇ ಮಾತಾಡಿಕೊಂಡು ದಿನ ಗೊತ್ತುಮಾಡುತ್ತಿದ್ದರು, ಬಯಲು ಗೊತ್ತುಮಾಡುತ್ತಿದ್ದರು. ನೆಲ ಗೆಲ್ಲುವುದಕ್ಕಲ್ಲ, ಊರು ಸುಡುವುದಕ್ಕಲ್ಲ. ಆಳುಗಳನ್ನು ಜೀವಸಹಿತ ಹಿಡಿಯುವುದಕ್ಕೆ. ಹಿಡಿದವರನ್ನು ಹಬ್ಬದ ದಿನ ಗೋಪುರದ ಮೆಟ್ಟಿಲು ಹತ್ತಿಸಿ ಸೂರ್ಯನಿಗೆ ಒಪ್ಪಿಸುತ್ತಿದ್ದರು. ಉಣ್ಣಲು ಕೊಡದಿದ್ದರೆ ಸೂರ್ಯ ಮರುದಿನ ಏಳುವುದಿಲ್ಲ ಎಂಬುದು ಅವರ ನಂಬಿಕೆ. ದಕ್ಷಿಣದ ಮಾಯಾ ಜನರ ಅರಸರಂತೂ ಸೆರೆಸಿಕ್ಕವರ ರೂಪವನ್ನು ಮೆಟ್ಟಿಲುಗಳ ಮೇಲೆ ಕೆತ್ತಿಸಿ ದಿನವೂ ತುಳಿದು ಹತ್ತುತ್ತಿದ್ದರಂತೆ. ನಮ್ಮವರು ಕೆತ್ತಿಸಲಿಲ್ಲ. ಆದರೆ ಒಬ್ಬ ಬಡವನ ಮಗ ಒಳ್ಳೆಯ ಹೊದಿಕೆ ಹೊದೆಯಬೇಕಾದರೆ, ಊರ ಸಭೆಯಲ್ಲಿ ಬಾಯಿ ಬಿಡಬೇಕಾದರೆ, ಒಳ್ಳೆಯ ಮನೆಯ ಹೆಣ್ಣು ಕೇಳಬೇಕಾದರೆ ಅವನು ಒಬ್ಬ ಸೆರೆಯಾಳನ್ನಾದರೂ ಹಿಡಿದು ತರಬೇಕಿತ್ತು. ಅಲ್ಲಿಯವರೆಗೆ ಅವನ ಹಿಂದಲೆಯ ಜುಟ್ಟು ಕತ್ತರಿಸುವಂತಿಲ್ಲ. ಜುಟ್ಟು ಇದ್ದವನು ಎಷ್ಟೇ ದೊಡ್ಡವನಾದರೂ ಹುಡುಗನೇ.

ಈ ಯುದ್ಧ ಹೆರಿಗೆಯ ಕೋಣೆಯಲ್ಲೇ ಶುರುವಾಗುತ್ತಿತ್ತು ಎನ್ನುತ್ತಿದ್ದಳು ನಮ್ಮಜ್ಜಿ. ಮಗು ಹುಟ್ಟಿದ ಕೂಡಲೇ ಸೂಲಗಿತ್ತಿ ರಣಕೇಕೆ ಹಾಕುತ್ತಿದ್ದಳು. ಹೆತ್ತವಳು ಒಬ್ಬನನ್ನು ಸೆರೆಹಿಡಿದು ತಂದಳು ಎಂದು. ಹೆಣ್ಣಾದರೆ ಅದರ ಹೊಕ್ಕುಳುಬಳ್ಳಿಯನ್ನು ಒಲೆಯ ಬುಡದಲ್ಲಿ ಹೂಳುತ್ತಿದ್ದರು, ಮನೆ ಬಿಟ್ಟು ಹೋಗದಿರಲಿ ಎಂದು. ಗಂಡಾದರೆ ಬಳ್ಳಿಯನ್ನು ಒಣಗಿಸಿ ಯೋಧರ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಒಯ್ದು ಯುದ್ಧದ ಬಯಲಿನಲ್ಲಿ ಹೂಳುತ್ತಿದ್ದರು. ಇದು ನಿನ್ನ ಮನೆಯಲ್ಲ ಕಂದ, ಬರೀ ಗೂಡು. ನಿನ್ನ ಮನೆ ಆ ಬಯಲು ಎಂದು ಸೂಲಗಿತ್ತಿ ಮಗುವಿನ ಕಿವಿಯಲ್ಲಿ ಹೇಳುತ್ತಿದ್ದಳು. ಹುಟ್ಟಿ ಗಳಿಗೆಯಾಗದ ಕೂಸಿಗೆ ಹೇಳುವ ಮಾತೇ ಇದು?

ಅವೆಪಾನಿನಲ್ಲಿ ತೇಕು ಎಂಬ ಹೆಂಗಸಿದ್ದಳು. ಅವಳ ಗಂಡ ಆ ಬಯಲಿಗೆ ಹೋದವನು ಬರಲಿಲ್ಲ. ಆಗ ಅವಳು ತುಂಬು ಬಸುರಿ. ಗಂಡುಮಗು ಹುಟ್ಟಿತು, ತೊಚಿನ್ ಎಂದು ಹೆಸರಿಟ್ಟರು. ಬಳ್ಳಿಯನ್ನು ಕೇಳಿಕೊಂಡು ಯೋಧರು ಬಂದಾಗ ತೇಕು ಒಂದು ಕೆಲಸ ಮಾಡಿದಳು. ಒಣಗಿದ ಕುಂಬಳದ ಕುಡಿಯನ್ನು ಹತ್ತಿಯಲ್ಲಿ ಸುತ್ತಿ, ಕಣ್ಣೊರೆಸಿಕೊಳ್ಳುತ್ತಾ ಅವರ ಕೈಗಿಟ್ಟಳು. ನಿಜವಾದ ಬಳ್ಳಿಯನ್ನು ತನ್ನ ಮನೆಯ ಮೂರು ಒಲೆಗಲ್ಲುಗಳ ನಡುವೆ ಹೂತು ಮೇಲೆ ಬೂದಿ ಎಳೆದಳು. ಯೋಧರು ಕುಂಬಳದ ಕುಡಿಯನ್ನು ಕೇಕೆ ಹಾಕುತ್ತಾ ಒಯ್ದು ಬಯಲಿನಲ್ಲಿ ಹೂತರು. ಮೋಸವೇ, ಇಲ್ಲವೆನ್ನುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ತೊಚಿನ್ ಬೆಳೆದ. ಗಟ್ಟಿಮುಟ್ಟಾದ ಆಳು, ಅಂಜುಬುರುಕನಲ್ಲ. ಯುದ್ಧಕ್ಕೆ ಹೋಗುತ್ತಿದ್ದ, ಸಂಜೆಗೆ ಮೈಮೇಲೆ ಗೀರೂ ಇಲ್ಲದೆ ಬರಿಗೈಯಲ್ಲಿ ಬರುತ್ತಿದ್ದ. ಒಂದು ಸಲವಲ್ಲ, ಏಳು ಸಲ. ಅವನ ವಾರಿಗೆಯವರೆಲ್ಲ ಜುಟ್ಟು ಕತ್ತರಿಸಿಕೊಂಡು, ಬಣ್ಣದ ಹೊದಿಕೆ ಹೊದ್ದು, ಮಕ್ಕಳ ಅಪ್ಪಂದಿರಾದರು. ಇವನಿಗೆ ಇಪ್ಪತ್ತೈದಾದರೂ ಹಿಂದಲೆಯಲ್ಲಿ ಜುಟ್ಟು ನೇತಾಡುತ್ತಿತ್ತು. ನೀರಿಗೆ ಬಂದ ಹೆಣ್ಣುಮಕ್ಕಳು, "ಜುಟ್ಟಿನಣ್ಣ ಬಂದ, ದಾರಿ ಬಿಡ್ರೇ" ಎಂದು ಮುಸಿಮುಸಿ ನಗುತ್ತಿದ್ದರು. ಅವ್ವನಿಗೆ ಮಾತ್ರ ಅವನು ಬಾಗಿಲಲ್ಲಿ ಕಂಡರೆ ಹಬ್ಬ. ಬಿಸಿ ರೊಟ್ಟಿ ಹಾಕಿ, ಎದುರಿಗೆ ಕೂತು, ಅವನು ಉಣ್ಣುವುದನ್ನೇ ನೋಡುತ್ತಿದ್ದಳು.

ಒಂದು ದಿನ ಅವನು ಉಣ್ಣದೆ ಕೂತ. "ಅವ್ವಾ, ನನಗೇನೋ ಆಗಿದೆ. ಎದುರಾಳಿಯ ತಲೆಗೂದಲಿಗೆ ಕೈ ಹಾಕುವಷ್ಟರಲ್ಲಿ ನಮ್ಮನೆ ಒಲೆಯ ಹೊಗೆ ನೆನಪಿಗೆ ಬರುತ್ತೆ. ಕೈ ಸಡಿಲವಾಗಿಬಿಡುತ್ತೆ. ನಾನು ಹೇಡಿಯೇನವ್ವಾ?" ಎಂದ. ಮಗನ ಕಣ್ಣಲ್ಲಿ ನೀರು ಕಂಡು ತೇಕು ಇಪ್ಪತ್ತೈದು ವರ್ಷ ಬಾಯಿಗೆ ಹಾಕಿದ್ದ ಬೀಗ ಕಳಚಿತು. ನೀನು ಹೇಡಿಯಲ್ಲ ಮಗನೇ, ತಪ್ಪು ನನ್ನದು ಎಂದು ಎಲ್ಲವನ್ನೂ ಹೇಳಿಬಿಟ್ಟಳು. ಅವನಿಗೆ ಸಮಾಧಾನವಾದೀತು ಎಂದುಕೊಂಡಿದ್ದಳು. ಅವನು ಎದ್ದು ಬೂದಿ ಸರಿಸಿ, ಬರಿಗೈಯಲ್ಲಿ ಮಣ್ಣು ಕೆದರಿ, ಬೆರಳುದ್ದದ ಒಣ ಬಳ್ಳಿಯನ್ನು ತೆಗೆದ. "ಊರಿನವರು ನಕ್ಕಿದ್ದು ಸುಳ್ಳಲ್ಲ ಹಾಗಾದರೆ. ಹೆಣ್ಣುಮಗಳ ಹಾಗೆ ನನ್ನನ್ನು ಒಲೆಗೆ ಕಟ್ಟಿಹಾಕಿದೆ" ಎಂದ. ಮರುದಿನವೇ ಯುದ್ಧವಿತ್ತು. ಬಳ್ಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೇ ಬಯಲಿನಲ್ಲಿ ಹೂಳುತ್ತೇನೆಂದು ಹೊರಟ. ಅವ್ವ ಕೊಟ್ಟ ಬುತ್ತಿಯನ್ನು ಮುಟ್ಟಲಿಲ್ಲ.

ಆ ಯುದ್ಧದಲ್ಲಿ ಕೊಸೊತ್ಲಾನಿನ ತೆಮೋಕ್ ಎಂಬ ನಡುವಯಸ್ಸಿನ ಯೋಧ ತೊಚಿನ್‌ನ ಜುಟ್ಟು ಹಿಡಿದ. ಒಬ್ಬನ ತಲೆಗೂದಲು ಕೈಗೆ ಸಿಕ್ಕಿತೆಂದರೆ ಅವನು ಸೆರೆಯಾದಂತೆ. ಆಗ ಇಬ್ಬರೂ ಹೇಳಲೇಬೇಕಾದ ಮಾತುಗಳಿದ್ದವು. "ಇವನು ನನ್ನ ಮುದ್ದಿನ ಮಗ" ಎಂದು ಹಿಡಿದವನು ಹೇಳಬೇಕು. "ಇವನು ನನ್ನ ಮುದ್ದಿನ ಅಪ್ಪ" ಎಂದು ಸಿಕ್ಕವನು ಹೇಳಬೇಕು. ಬಾಯಿಪಾಠದ ಮಾತು, ಎಲ್ಲರೂ ಹೇಳುವಂಥದ್ದು. ಅಪ್ಪನ ಮುಖವನ್ನೇ ನೋಡದ ತೊಚಿನ್ ಆ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಹೇಳಿದ. ಮೂವರು ಹೆಣ್ಣುಮಕ್ಕಳ ತಂದೆ ತೆಮೋಕ್‌ಗೂ ಅದು ಬಾಯಿಪಾಠದಂತೆ ಕೇಳಲಿಲ್ಲವಂತೆ.

ಹಬ್ಬಕ್ಕೆ ನಲವತ್ತು ದಿನವಿತ್ತು. ಅಷ್ಟೂ ದಿನ ತೊಚಿನ್ ತೆಮೋಕ್‌ನ ಮನೆಯಲ್ಲಿ ಮಗನಂತೆ ಉಂಡ, ಮಲಗಿದ. ಇತ್ತ ತೇಕು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಾರಿ ಕಾದಳು. ಸೆರೆಸಿಕ್ಕವರು ಬರುವುದಿಲ್ಲ ಎಂದು ಗೊತ್ತಿತ್ತು, ಆದರೂ ದಿನವೂ ಎರಡು ರೊಟ್ಟಿ ಹೆಚ್ಚಿಗೆ ಸುಡುತ್ತಿದ್ದಳು. ಹಬ್ಬಕ್ಕೆ ಇನ್ನು ಐದು ದಿನವಿರುವಾಗ, ಒಂದು ಬೆಳಗ್ಗೆ ಅಂಗಳಕ್ಕೆ ಬಂದವಳಿಗೆ ಈ ಗುಡ್ಡದ ತುದಿಯಲ್ಲಿ ಯಾರೋ ನಿಂತಿರುವುದು ಕಂಡಿತು. ಪಾಪಾಸುಕಳ್ಳಿಯ ಹಣ್ಣು ಕೀಳಲು ಬಂದವನಿರಬೇಕು ಎಂದುಕೊಂಡಳು. ಒಳಗೆ ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಒಳಗೆ ಹೋದಳು. ಮತ್ತೆ ಹೊರಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ.

ಹಬ್ಬದ ದಿನ ಗಾಳಿ ಮೂಡಣದಿಂದ ಬೀಸುತ್ತಿತ್ತು. ಕೊಸೊತ್ಲಾನಿನ ನಗಾರಿಯ ಸದ್ದು ಅವೆಪಾನಿನ ಮನೆಮನೆಗೂ ಕೇಳಿಸಿತು. ನಿಂತದ್ದೂ ಕೇಳಿಸಿತು. ತೇಕು ಅಂದು ಒಲೆ ಹಚ್ಚಲಿಲ್ಲ.

ಮೂರು ದಿನ ಕಳೆದ ಮೇಲೆ ನೆರೆಯವರ ಬಲವಂತಕ್ಕೆ ಹೆಂಚು ಇಟ್ಟು, ಯಾಕೋ ಹೊರಗೆ ಬಂದು ನೋಡಿದರೆ ಗುಡ್ಡದ ತುದಿಯಲ್ಲಿ, ಅದೇ ಜಾಗದಲ್ಲಿ, ಮತ್ತೆ ಯಾರೋ ನಿಂತಿದ್ದಾನೆ! ಹಣ್ಣು ಕೀಳುವವರು ಬಗ್ಗಿರುತ್ತಾರಲ್ಲ, ಹೀಗೆ ನಮ್ಮೂರಿನ ಕಡೆ ಮುಖ ಮಾಡಿ ನೆಟ್ಟಗೆ ಯಾಕೆ ನಿಲ್ಲುತ್ತಾರೆ? ಈ ಸಲ ಹೆಂಚು ಇಳಿಸಿ, ಬಾಗಿಲನ್ನೂ ಮುಂದೆ ಮಾಡದೆ, ಏದುಸಿರು ಬಿಡುತ್ತಾ ಗುಡ್ಡ ಹತ್ತಿದಳು. ಸತ್ತವನು ಬರುವುದಿಲ್ಲವೆಂದು ಬುದ್ಧಿಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ.

ಮೇಲೆ ನಿಂತಿದ್ದವನು ತೆಮೋಕ್. ಕೈಯಲ್ಲಿ ಒಂದು ಬಿಳಿ ಬಟ್ಟೆ, ಅದರಲ್ಲಿ ತೊಚಿನ್‌ನ ಜುಟ್ಟು. ಹಿಡಿದವನು ಅದನ್ನು ಮನೆಯಲ್ಲಿಟ್ಟುಕೊಂಡು ಜೀವಮಾನವಿಡೀ ಮೆರೆಯಬಹುದಿತ್ತು. ತೆಮೋಕ್ ತಲೆ ತಗ್ಗಿಸಿ ಅದನ್ನು ತೇಕುವಿನ ಮುಂದಿಟ್ಟು, "ತಾಯೀ, ಹಬ್ಬಕ್ಕೆ ಐದು ದಿನ ಇರುವಾಗ ಬಾಗಿಲು ತೆರೆದಿಟ್ಟು ನಾನು ಬೇಕೆಂದೇ ಹೊಲಕ್ಕೆ ಹೋದೆ. ಓಡಿಹೋಗಲಿ ಅಂತ. ಅವನು ಇಲ್ಲಿಯವರೆಗೆ ಬಂದು ಮಧ್ಯಾಹ್ನಕ್ಕೆ ತಿರುಗಿ ಬಂದ. ಸೆರೆಯಿಂದ ಓಡಿಬಂದವನ ಮನೆಗೆ ಊರು ಬೆಂಕಿಯನ್ನೂ ಕೊಡೋದಿಲ್ಲ, ಅವ್ವನಿಗೆ ಆ ಗತಿ ಬರಬಾರದು ಅಂದ" ಎಂದ. ಮತ್ತೆ ಹೇಳಿದ: "ಅವ್ವ ಅಂಗಳಕ್ಕೆ ಬಂದಳು, ನನ್ನನ್ನು ನೋಡಿದಳು, ಒಳಗೆ ಹೋದಳು, ಅಷ್ಟು ಸಾಕು ಅಂದ."

ತೇಕು ಆ ಜುಟ್ಟನ್ನು ಮಡಿಲಿಗೆ ತೆಗೆದುಕೊಂಡಳು. ಅಳಲಿಲ್ಲ ಎನ್ನುತ್ತಾರೆ ಕೆಲವರು, ನಾನು ನಂಬುವುದಿಲ್ಲ. ತೆಮೋಕ್ ಅಲ್ಲಿದ್ದ ಒಂದು ಹಾಸುಗಲ್ಲನ್ನು ಎತ್ತಿ ತೋರಿಸಿದ. ಕೆಳಗೆ ಬೆರಳುದ್ದದ ಒಣ ಬಳ್ಳಿ ಇತ್ತು. ಅಂದು ಯುದ್ಧಕ್ಕೆ ಹೋಗುವಾಗ ತೊಚಿನ್‌ಗೆ ಅದನ್ನು ಬಯಲಿನವರೆಗೆ ಒಯ್ಯಲು ಮನಸ್ಸು ಬಂದಿರಲಿಲ್ಲ. ತಿರುಗಿ ಮನೆಗೆ ಒಯ್ಯಲು ಮಾನ ಬಿಟ್ಟಿರಲಿಲ್ಲ. ನಡುದಾರಿಯಲ್ಲಿ, ಮನೆಯ ಹೊಗೆ ಕಾಣುವ ಈ ಜಾಗದಲ್ಲಿ ಇಟ್ಟು ಹೋಗಿದ್ದ. ಅವ್ವನಿಗೆ ತೋರಿಸಿ ಎಂಬುದೊಂದೇ ಅವನು ತೆಮೋಕ್‌ನಲ್ಲಿ ಕೇಳಿಕೊಂಡದ್ದು.

ಬಳ್ಳಿಯನ್ನು ಮನೆಗೆ ಒಯ್ಯಬಹುದಿತ್ತಲ್ಲ ಎಂದು ಕೇಳುವಿರಿ. ತೇಕು ಒಯ್ಯಲಿಲ್ಲ. "ಮೊದಲ ಸಲ ಅವನನ್ನು ಕೇಳದೆ ಅವನ ಮನೆ ಎಲ್ಲಿ ಎಂದು ನಾನೇ ಗೊತ್ತುಮಾಡಿದೆ. ಈ ಸಲ ಅವನು ಇಟ್ಟ ಕಡೆಯೇ ಇರಲಿ" ಎಂದಳಂತೆ. ಒಲೆ ಇದ್ದಲ್ಲಿಗೆ ಮಗ ಬರಲಾಗಲಿಲ್ಲ. ಮಗ ಇದ್ದಲ್ಲಿಗೆ ಒಲೆ ಬರುತ್ತದೆ ಎಂದು ಕೆಳಗಿಳಿದು, ತನ್ನ ಒಲೆಯ ಒಂದು ಕಲ್ಲು ಕಿತ್ತು, ಭಾರ ಹೊರುವ ಪಟ್ಟಿಯನ್ನು ಹಣೆಗೆ ಬಿಗಿದು ಬೆನ್ನ ಮೇಲೆ ಹೊತ್ತು ತಂದಳು. ಮರುದಿನ ಎರಡನೆಯದನ್ನು ತಂದಳು. ಮೂರನೆಯ ದಿನ ಕೊನೆಯ ಕಲ್ಲು ಹೊತ್ತು ಮೇಲೆ ಬಂದಾಗ ಅದರ ಜಾಗದಲ್ಲಿ ಆಗಲೇ ಒಂದು ಕಲ್ಲು ಕೂತಿತ್ತು. ಕೆಂಪು ಕಲ್ಲು, ಒಳಮೈ ಮಸಿ ಹಿಡಿದು ಕಪ್ಪಾಗಿತ್ತು. ತೆಮೋಕ್ ತನ್ನ ಮನೆಯ ಒಲೆಯಿಂದ ಕಿತ್ತು ತಂದದ್ದು. ಅವನು ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ, ಹಣೆಯಲ್ಲಿ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು. "ನಲವತ್ತು ದಿನ ಅವನು ಉಂಡದ್ದು ಈ ಕಲ್ಲಿನ ಮೇಲೆ ಬೆಂದದ್ದನ್ನು" ಎಂದಷ್ಟೇ ಹೇಳಿದ.

ತೇಕು ಬೆನ್ನ ಮೇಲಿನ ಭಾರ ಇಳಿಸದೆ ಬಹಳ ಹೊತ್ತು ನಿಂತಿದ್ದಳಂತೆ. ಮಗನ ಜುಟ್ಟಿಗೆ ಕೈ ಹಾಕಿದವನು ಎದುರಿಗೇ ಇದ್ದಾನೆ. ಆ ಕಲ್ಲನ್ನು ಎತ್ತಿ ಅವನ ತಲೆಯ ಮೇಲೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ತನ್ನ ಕಲ್ಲನ್ನು ಒಂದೂವರೆ ಮಾರು ದೂರದಲ್ಲಿ ಇಳಿಸಿ, ಸೆರಗಿನಿಂದ ಅದರ ಮೇಲಿನ ಮಣ್ಣು ಒರೆಸಿದಳು. ಒಲೆಗಲ್ಲಿಗೆ ಕಾಲು ತಾಗಿದರೂ ಕ್ಷಮೆ ಕೇಳುವ ಜನ ನಾವು. "ನೆಲ ತಣ್ಣಗಿದೆ. ಇದರ ಮೇಲೆ ಕೂತ್ಕೊಳ್ಳಪ್ಪಾ" ಎಂದಳು. ಬೆಂಕಿ ಹೊತ್ತಿಸಿ, ಹೆಂಚು ಇಟ್ಟು, ಎರಡು ರೊಟ್ಟಿ ಹೆಚ್ಚಿಗೆ ಸುಟ್ಟಳು.

ಯುದ್ಧ ನಿಂತಿತೇ? ಇಲ್ಲ. ಸುಳ್ಳು ಹೇಳಿ ನಿಮ್ಮನ್ನು ಸಂತೋಷಪಡಿಸಲಾರೆ. ಮುಂದಿನ ಸಲವೂ ನಡೆಯಿತು, ಅದರ ಮುಂದಿನ ಸಲವೂ. ಎರಡೂ ಕಡೆಯ ದಂಡು ಈ ಗುಡ್ಡವನ್ನು ಮಾತ್ರ ಬಳಸಿ ಹೋಗುತ್ತಿತ್ತು. ಸೆರೆಯಾಳನ್ನು ಹಿಡಿದವನು ಹಬ್ಬ ಮುಗಿದ ಮೇಲೆ ಇಲ್ಲಿಗೆ ಬಂದು ಆ ನಾಲ್ಕನೆಯ ಕಲ್ಲಿನ ಮೇಲೆ ಕೂರುತ್ತಿದ್ದ. ಕೆಳಗಿನ ಊರಿನಿಂದ ಅವನನ್ನು ಕಂಡು ಸೆರೆಯಾಳಿನ ತಾಯಿ ಹತ್ತಿ ಬರುತ್ತಿದ್ದಳು. ಕಾಲ ಬದಲಾಯಿತು. ಈಗ ಸೂರ್ಯ ಯಾರನ್ನೂ ಕೇಳದೆ ಏಳುತ್ತಾನೆ. ಆದರೆ ಹೊರಗೆ ಹೋದ ನಮ್ಮವರು ಯಾರಾದರೂ ತೀರಿಕೊಂಡರೆ, ಸುದ್ದಿ ತಂದವರು ಇಂದಿಗೂ ನೇರವಾಗಿ ಮನೆ ಬಾಗಿಲಿಗೆ ಹೋಗುವುದಿಲ್ಲ. ಮೊದಲು ಇಲ್ಲಿಗೆ ಬಂದು ಆ ಕಲ್ಲಿನ ಮೇಲೆ ಕೂರುತ್ತಾರೆ. ಆ ಕಲ್ಲಿನ ಮೇಲೆ ಆಳು ಕಂಡರೆ ಅವೆಪಾನಿನ ಹೆಂಗಸರು ಹೆಂಚು ಇಳಿಸಿ ಅಂಗಳಕ್ಕೆ ಬರುತ್ತಾರೆ, ಯಾರ ಮನೆಯ ಸುದ್ದಿಯೋ ಎಂದು. ನನ್ನ ಮಗನ ಸುದ್ದಿಯೂ ನನಗೆ ಹೀಗೇ ಬಂತು.

ನಿಮಗೆ ಗೊತ್ತಿರಲಿಲ್ಲ, ತಪ್ಪೇನಿಲ್ಲ. ಆದರೆ ಅಗೋ, ಕೆಳಗೆ ನೋಡಿ. ಮೂರನೆಯ ಮನೆಯ ಅಂಗಳದಲ್ಲಿ ಒಬ್ಬಳು ನಿಂತಿದ್ದಾಳೆ, ಕಣ್ಣಿಗೆ ಕೈ ಅಡ್ಡ ಹಿಡಿದು. ಪಕ್ಕದ ಮನೆಯಿಂದ ಇನ್ನೊಬ್ಬಳೂ ಬಂದಳು. ಬೇಗ ಕೈ ಬೀಸಿ, ಎರಡೂ ಕೈ ಎತ್ತಿ ಬೀಸಿ. ಏನೂ ಇಲ್ಲ, ದಾರಿಹೋಕರು ದಣಿದು ಕೂತಿದ್ದರು ಅಂತ ಅವರಿಗೆ ತಿಳಿಯಲಿ. ಒಳಗೆ ಹೋಗಲಿ, ರೊಟ್ಟಿ ಸೀಯುತ್ತಿರುತ್ತದೆ.