ಮೂತಿ ಎತ್ತಿದ ತಟ್ಟೆ

ದೂರದಲ್ಲಿ ನೆಟ್ಟ ಸರಪಳಿಯ ಬುಟ್ಟಿಗೆ ಪ್ಲಾಸ್ಟಿಕ್ಕಿನ ಹಾರುವ ತಟ್ಟೆ ಎಸೆಯುವ ಪಂದ್ಯಕ್ಕೆ ವಾರಿಜಾ ಒಂದೇ ತಟ್ಟೆ ಒಯ್ಯಬೇಕಿತ್ತು. ನೀಲಿ, ಕೆಂಪು ಎರಡನ್ನೂ ಪರೀಕ್ಷಿಸಲು ಬಯಲಿಗೆ ತಂದಳು. ಮೊದಲು ಎಸೆದ ನೀಲಿ ಐವತ್ತು ಮಾರು ದಾಟಿತು. ಅದನ್ನು ಹೆಕ್ಕಿ ತಂದಾಗ ಕೆಂಪಿಗೆ ಹೊಟ್ಟೆ ಉರಿಯಿತು.

“ಬಯಲಂಚಿನ ಆ ಮರದ ತುದಿಯನ್ನೂ ಮುಟ್ಟಲಿಲ್ಲ. ಅದೂ ಒಂದು ಹಾರಾಟವೇ ಅಕ್ಕಾ?”

“ಗಾಳಿಗೆ ಅಂಚು ಕೊಟ್ಟರೆ ಸೀಳಿಕೊಂಡು ಹೋಗುತ್ತೀ ತಂಗಿ. ಮೂತಿ ಎತ್ತಿ ಹೊಟ್ಟೆ ಕೊಟ್ಟರೆ ಅದು ತಡೆಯುತ್ತದೆ,” ಎಂದಿತು ನೀಲಿ.

“ನನ್ನನ್ನು ತಗ್ಗಿಸುವ ಉಪಾಯ ಚೆನ್ನಾಗಿದೆ!” ಎಂದ ಕೆಂಪು, ವಾರಿಜಾ ಎಸೆದೊಡನೆ ಮೂತಿ ಎತ್ತಿತು. ಮರಕ್ಕಿಂತ ಮೇಲೇರಿ, ಅಲ್ಲೇ ನಿಂತು, ಹಿಂದಕ್ಕೆ ಜಾರಿ ಅವಳ ಬೆನ್ನ ಹಿಂದೆಯೇ ಬಿತ್ತು.

ವಾರಿಜಾ ನೀಲಿಯನ್ನು ಹಿಡಿದು ಪಂದ್ಯಕ್ಕೆ ನಡೆದಳು.

“ಹೋಗಲಿ,” ಎಂದಿತು ಹುಲ್ಲಿನಲ್ಲಿ ಉಳಿದ ಕೆಂಪು, “ನನ್ನಷ್ಟು ಎತ್ತರ ಅಕ್ಕ ಏರಲಿಲ್ಲವಲ್ಲ!”