ದಪ್ಪ ತಂತಿ ಸುಮ್ಮನಾದದ್ದು

ಲವೀನಾಳ ಗಿಟಾರಿನ ಆರು ತಂತಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದಕ್ಕೆ ತಾನೇ ಹಿರಿಯನೆಂಬ ಹೆಮ್ಮೆ. ಆಕೆ ಕಲಿಯುತ್ತಿದ್ದ ಡಿಮಿನಿಶ್ಡ್ ಕಾರ್ಡ್ ಎಂಬ ಸ್ವರಗುಚ್ಛದಲ್ಲಿ ನಾಲ್ಕು ತೆಳು ತಂತಿಗಳಷ್ಟೇ ಒಟ್ಟಿಗೆ ನುಡಿಯಬೇಕಿತ್ತು. ಐದನೆಯದು ತೆಪ್ಪಗಿದ್ದರೂ ದಪ್ಪ ತಂತಿ ಪ್ರತಿಸಲ ನಡುವೆ ಗುಂಯ್‌ಗುಟ್ಟಿ ಕಾರ್ಡನ್ನು ಕೆಡಿಸುತ್ತಿತ್ತು.

“ಇನ್ನೊಂದೇ ಸಲ. ಆಗದಿದ್ದರೆ ಗಿಟಾರನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ,” ಎಂದಳು ಲವೀನಾ.

“ಅಣ್ಣಾ, ಈ ಸಲ ಸುಮ್ಮನಿರಿ,” ಎಂದಿತು ಒಂದು ತೆಳು ತಂತಿ.

“ಸುಮ್ಮನಿದ್ದರೆ ನಾನಿದ್ದೇನೆಂದು ಯಾರಿಗೆ ಗೊತ್ತಾಗುತ್ತದೆ?”

“ನಮಗೆ ಗೊತ್ತಾಗುತ್ತದೆ.”

ಲವೀನಾಳ ಹೆಬ್ಬೆರಳು ಮೆಲ್ಲನೆ ತನಗೆ ತಾಗಿದಾಗ ದಪ್ಪ ತಂತಿ ಈ ಸಲ ಗುಂಯ್‌ಗುಟ್ಟದೆ ಉಸಿರು ಬಿಗಿಹಿಡಿಯಿತು. ಕಾರ್ಡ್ ತಿಳಿಯಾಗಿ ಮೊಳಗಿತು. ಆಕೆ ನಕ್ಕು ಮತ್ತೆ ಮೀಟಿದಳು.

“ನಿಮ್ಮಿಂದ ಉಳಿದೆವು, ಅಣ್ಣಾ,” ಎಂದವು ನಾಲ್ಕೂ ತಂತಿಗಳು.

“ಋಣಿ ನಾನು,” ಎಂದಿತು ದಪ್ಪ ತಂತಿ. “ನನ್ನ ಸದ್ದಿನಲ್ಲಿ ನಿಮ್ಮ ದನಿಯನ್ನು ಇದುವರೆಗೆ ಕೇಳಿಯೇ ಇರಲಿಲ್ಲ.”