ದ್ಯಾಮಣ್ಣ ಇಟ್ಟ ಹೆಸರು

ಹೊಳೆದಂಡೆಯ ಮಠದಲ್ಲಿ ಹಳೆಯ ತತ್ವಪದಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆದಿತ್ತು. ಮಾಡುತ್ತಿದ್ದವರು ಇಬ್ಬರು ಶಿಷ್ಯರು: ಹಳಬ ದ್ಯಾಮಣ್ಣ, ಹೊಸಬ ಕೊಟ್ರೇಶ.

ಹೆಸರು ಕೊಟ್ಟರೆ ಆ ಫೈಲನ್ನು ಎಡಿಟರಿನಲ್ಲಿ, ಅಂದರೆ ಬರೆಯುವ ಪುಟದಲ್ಲಿ, ತೆರೆದುಕೊಡುವ ಪುಟ್ಟ ಪ್ರೋಗ್ರಾಮನ್ನು ಇಬ್ಬರೂ ಬೇರೆ ಬೇರೆಯಾಗಿ ಬರೆದಿದ್ದರು. ಎಲ್ಲರೂ ಅಜ್ಜಾರು ಎನ್ನುತ್ತಿದ್ದ ಗುರುಗಳು ಕೊಟ್ರೇಶನದನ್ನೇ ಬಳಸತೊಡಗಿದರು.

ದ್ಯಾಮಣ್ಣನಿಗೆ ಅನ್ನ ಸೇರದಾಯಿತು.

“ನಂದ್ರಾಗ ಏನು ಕಮ್ಮಿ ಐತ್ರಿ, ಅಜ್ಜಾರ?”

“ನಡುವ ಜಾಗ ಬಿಟ್ಟ ಹೆಸರು ಕೊಟ್ರ, ನಿಂದು ಒಂದರ ಬದ್ಲಿ ಎರಡು ಫೈಲು ತೆರೀತೈತಿ.”

“ಹಂಗ ಹೆಸರಿಡೋರದು ತಪ್ಪು!”

ಅಜ್ಜಾರು ನಕ್ಕರು. ಆ ನಗು ಕೊಟ್ರೇಶನ ಪರವೇ ಎಂದು ದ್ಯಾಮಣ್ಣನಿಗೆ ಖಾತ್ರಿಯಾಯಿತು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಫೈಲಿಗೆ ಹೆಚ್ಚುಕಡಿಮೆ ಎಂಥ ಹೆಸರನ್ನಾದರೂ ಇಡಬಹುದು. ಕಂಪ್ಯೂಟರಿಗೆ ಕೊಡುವ ಅಪ್ಪಣೆಯನ್ನೂ ಹೆಸರಿನೊಳಗೆ ಸೇರಿಸಬಹುದು; ತೆರೆಯುವ ಪ್ರೋಗ್ರಾಮು ಎಚ್ಚರ ತಪ್ಪಿದರೆ ಆ ಅಪ್ಪಣೆ ನಡೆದೂಬಿಡಬಹುದು. ದ್ಯಾಮಣ್ಣ ಒಂದು ಖಾಲಿ ಫೈಲಿನ ಹೆಸರಿನಲ್ಲಿ ‘ಇಲ್ಲಿರುವುದನ್ನೆಲ್ಲ ಅಳಿಸು’ ಎಂಬ ಅಪ್ಪಣೆ ಸೇರಿಸಿ, ಅದನ್ನು ಕೊಟ್ರೇಶನ ಫೈಲುಗಳ ನಡುವೆ ತೂರಿಸಿದ.

ಕೊಟ್ರೇಶ ಅದನ್ನು ತನ್ನ ಪ್ರೋಗ್ರಾಮಿನಿಂದ ತೆರೆದ. ಖಾಲಿ ಪುಟ ಬಂತು, ಅಷ್ಟೇ.

“ಯಾರಪಾ ಇಂಥ ಹೆಸರಿಟ್ಟೋರು? ತೊಟ್ಟಿಲಕ್ಕ ಹಾಕೋವಾಗ ನಮ್ಮನ್ನೂ ಕರೀಬೇಕಿತ್ತು” ಎಂದು ನಕ್ಕ.

ಬಲೆಯಲ್ಲೇ ಐಬಿರಬೇಕು ಎಂದುಕೊಂಡ ದ್ಯಾಮಣ್ಣ. ಹೊಟ್ಟೆಕಿಚ್ಚಿನ ಭರದಲ್ಲಿ ತಾನೆಲ್ಲಿ ಕೂತಿದ್ದೇನೆ ಎಂಬುದನ್ನೂ ಮರೆತು, ತನ್ನದೇ ಫೈಲುಗಳ ನಡುವೆ, ತನ್ನದೇ ಪ್ರೋಗ್ರಾಮಿಗೆ ಆ ಹೆಸರು ಕೊಟ್ಟು ನೋಡಿದ.

ಬಲೆ ಸರಿಯಾಗಿಯೇ ಇತ್ತು. ಅವನು ಮಳೆಗಾಲವಿಡೀ ಕೂತು ಇಳಿಸಿದ್ದ ತತ್ವಪದಗಳೆಲ್ಲ ಅಳಿಸಿಹೋದವು.

ಅಜ್ಜಾರ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡ. ಆದರೂ ಮನಸ್ಸು ತಡೆಯಲಿಲ್ಲ.

“ಅವಂದು ಯಾಕ ಅಳಿಸಿಹೋಗ್ಲಿಲ್ರಿ?”

“ಅವನ ಪ್ರೋಗ್ರಾಮು ಹೆಸರನ್ನ ಬರೇ ಹೆಸರು ಅಂತ ಎಡಿಟರಿನ ಕೈಗೆ ಕೊಡತೈತಿ. ನಿಂದು, ಹೆಸರು ಹೇಳಿದಂಗ ಕುಣೀತೈತಿ.”

“ಅಷ್ಟ ಏನ್ರಿ?”

“ಅಷ್ಟ.” ಅಜ್ಜಾರು ಮತ್ತೆ ಕೇಳಿದರು: “ಕೊಟ್ರೇಶ ಅನ್ನೋ ಹೆಸರು ಕೇಳಿದ್ರ ನಿನಗ ಏನಾಗತೈತಿ?”

“ಹೊಟ್ಟಿ ಉರೀತೈತ್ರಿ, ಅಜ್ಜಾರ.”

“ಅದೂ ಬರೇ ಹೆಸರಲ್ಲೇನೋ, ತಮ್ಮಾ?”